ಆಮೆಯ ಮೂಗಲ್ಲಿ ಗುಳ್ಳೆ ಬರುತ್ತಿದೆಯೇ? ಮೊದಲು ಬಿಸಿ, ಆಮೇಲೆ ಔಷಧ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮನೆಯಲ್ಲಿ ಎರಡು ವರ್ಷದ ಸುಲ್ಕಾಟಾ ಆಮೆ ಇದೆ, ಹೆಸರು ಗುಂಡ. ತೂಕ ಸುಮಾರು 900 ಗ್ರಾಂ. ನಾವಿರೋದು ಬೆಂಗಳೂರಿನಲ್ಲಿ, ಮೂರನೇ ಮಹಡಿಯ ಫ್ಲಾಟ್. ಗುಂಡ ಬಾಲ್ಕನಿಯಲ್ಲೇ ಇರ್ತಾನೆ, ರಾತ್ರಿ ಟೈಲ್ಸ್ ಮೇಲೆ ಟವೆಲ್ ಹಾಸಿ ಬಿಡ್ತೀವಿ. ಮಳೆ ಶುರುವಾದ ಮೇಲೆ ಮೂಗಿನಿಂದ ನೀರು, ಗುಳ್ಳೆ ಬರ್ತಿದೆ. ನಾಲ್ಕು ದಿನದಿಂದ ಸೊಪ್ಪು ಮುಟ್ಟಿಲ್ಲ. ನಿನ್ನೆ ಕತ್ತು ಚಾಚಿ, ಬಾಯಿ ತೆರೆದು ಉಸಿರಾಡಿದ. ಮೆಡಿಕಲ್ ಶಾಪಿನವರು ಮಕ್ಕಳ ನೆಗಡಿ ಸಿರಪ್ ಎರಡು ಹನಿ ಹಾಕಿ ಅಂದರು. ನಮ್ಮತ್ತೆ ಹಬೆ ಕೊಡೋಣ ಅಂತಾರೆ. ಏನು ಮಾಡಲಿ? ಜೊತೆಗೆ ಇನ್ನೊಂದು ಚಿಕ್ಕ ಸುಲ್ಕಾಟಾ ಇದೆ, ಅದು ಚೆನ್ನಾಗಿದೆ.

ಉತ್ತರ: ನಮಸ್ಕಾರ. ಮೊದಲು ತುರ್ತಿನ ಮಾತು. ಸಿರಪ್ ಬೇಡ. ಹಬೆಯೂ ಬೇಡ. ಮೂಗಿನ ಗುಳ್ಳೆ ಒಂದೇ ಆಗಿದ್ದರೆ ಎರಡು ದಿನ ಬೆಚ್ಚಗಿಟ್ಟು ನೋಡಿ ಅನ್ನುತ್ತಿದ್ದೆ. ಆದರೆ ಬಾಯಿ ತೆರೆದು ಉಸಿರಾಡಿದ್ದಾನೆ, ನಾಲ್ಕು ದಿನದಿಂದ ಊಟ ಬಿಟ್ಟಿದ್ದಾನೆ. ಇವೆರಡೂ ಸೇರಿದರೆ ಸೋಂಕು ಮೂಗು ದಾಟಿ ಶ್ವಾಸಕೋಶಕ್ಕೆ ಇಳಿದಿದೆ ಅಂತಲೇ ಅಂದುಕೊಂಡು ಹೊರಡಬೇಕು. ಇವತ್ತೇ ಅವನನ್ನು ಬೆಚ್ಚಗಿನ ಜಾಗಕ್ಕೆ ಸೇರಿಸಿ. ನಾಳೆಯೊಳಗೆ ಆಮೆಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಿಗೆ ತೋರಿಸಿ. ನಾಲಿಗೆ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ, ಕತ್ತು ಜೋತುಬಿದ್ದರೆ, ಬಾಯಲ್ಲಿ ನೊರೆ ಕಂಡರೆ ನಾಳೆಯವರೆಗೂ ಕಾಯಬೇಡಿ.

ಇಷ್ಟೊಂದು ಅವಸರ ಯಾಕೆ ಅಂತ ಹೇಳುತ್ತೇನೆ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ ಇದೆ. ಕಫ ಕಟ್ಟಿದರೆ ಅದರ ಬಲದಿಂದ ಜೋರಾಗಿ ಕೆಮ್ಮಿ ಹೊರಹಾಕುತ್ತೇವೆ. ಆಮೆಗೆ ನಮ್ಮಂಥ ವಪೆ ಇಲ್ಲ. ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಕೊಂಡಿವೆ, ಹಾಗಾಗಿ ಎದೆ ಹಿಗ್ಗುವ ಮಾತೇ ಇಲ್ಲ. ಕಾಲುಗಳ ಬುಡದಲ್ಲಿ, ಚಿಪ್ಪಿನ ಒಳಗೆ ಇರುವ ಸ್ನಾಯುಗಳನ್ನು ಆಡಿಸಿ ಅದು ಗಾಳಿ ಎಳೆದು ಬಿಡುತ್ತದೆ. ಶ್ವಾಸಕೋಶ ಇರುವುದು ಬೆನ್ನ ಚಿಪ್ಪಿನ ಕೆಳಗೆ, ಮೇಲ್ಭಾಗದಲ್ಲಿ. ಅಲ್ಲಿ ಕಫ ಸೇರಿದರೆ ಸರಿಯಾಗಿ ಕೆಮ್ಮಿ ತೆಗೆಯಲು ಆಗುವುದಿಲ್ಲ. ಅಲ್ಲೇ ಉಳಿದು ಗಟ್ಟಿಯಾಗುತ್ತದೆ.

ಇನ್ನೊಂದು ವಿಷಯ. ಆಮೆಗಳು ಕಡಿಮೆ ಆಮ್ಲಜನಕದಲ್ಲೂ ತುಂಬಾ ಹೊತ್ತು ತಾಳಿಕೊಳ್ಳುತ್ತವೆ. ಅದು ಅವುಗಳ ಶಕ್ತಿ, ಆದರೆ ಸಾಕುವವರಿಗೆ ಇದರಿಂದ ಮೋಸವಾಗುತ್ತದೆ. ನಾಯಿಯಾದರೆ ಮೊದಲ ದಿನವೇ ಏದುಸಿರು ಬಿಟ್ಟು ತೋರಿಸುತ್ತದೆ. ಆಮೆ ವಾರಗಟ್ಟಲೆ ಸುಮ್ನೆ ಇದ್ದು, ಕಾಯಿಲೆ ಬಲಿತ ಮೇಲೆ ಬಾಯಿ ತೆರೆಯುತ್ತದೆ. ಗುಂಡನ ಮೂಗು ಸೋರಲು ಶುರುವಾಗಿದ್ದು ಮಳೆ ಬಂದಾಗ ಇರಬಹುದು, ತೊಂದರೆಯ ಬೇರು ಇನ್ನೂ ಹಳೆಯದು ಅನ್ನುವುದು ನನ್ನ ಅಂದಾಜು.

ಆ ಬೇರು ಬಾಲ್ಕನಿಯ ಟೈಲ್ಸ್ ಮೇಲಿದೆ. ಸುಲ್ಕಾಟಾ ಆಫ್ರಿಕಾದ ಸಹೇಲ್ ಪ್ರದೇಶದ ಪ್ರಾಣಿ. ಸೆನೆಗಲ್‌ನಿಂದ ಸುಡಾನ್, ಇಥಿಯೋಪಿಯಾವರೆಗೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ ಬದುಕುತ್ತದೆ. ಅಲ್ಲಿ ಮೀಟರ್‌ಗಟ್ಟಲೆ ಆಳದ ಬಿಲ ತೋಡಿ, ಬಿಸಿಲು ಮತ್ತು ಚಳಿ ಎರಡರಿಂದಲೂ ತಪ್ಪಿಸಿಕೊಳ್ಳುತ್ತದೆ. ಬೆಂಗಳೂರಿನ ಜುಲೈ ರಾತ್ರಿ 20 ಡಿಗ್ರಿ ಆಸುಪಾಸು ಇರುತ್ತದೆ. ನಮಗೆ ಫ್ಯಾನ್ ಆರಿಸಿ ಹಾಯಾಗಿ ಮಲಗುವಂಥ ಹವಾ. ಗುಂಡನಿಗೆ ಅದು ಥಂಡಿ. ಅವನ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ, ಸುತ್ತಲಿನ ಬಿಸಿಯನ್ನೇ ನಂಬಿಕೊಂಡಿರುತ್ತದೆ. ಮೈ ತಣ್ಣಗಾದರೆ ರೋಗದ ವಿರುದ್ಧ ಹೋರಾಡುವ ಶಕ್ತಿ ಕುಗ್ಗುತ್ತದೆ, ಹೊಟ್ಟೆಯಲ್ಲಿರುವ ಸೊಪ್ಪು ಜೀರ್ಣವಾಗುವುದಿಲ್ಲ, ಕೊಟ್ಟ ಔಷಧ ಸರಿಯಾಗಿ ಹರಡುವುದಿಲ್ಲ. ಟವೆಲ್ ಹಾಸಿದರೆ ಇದು ಬದಲಾಗುವುದಿಲ್ಲ. ಹೊದಿಕೆ ನಮಗೆ ಬೆಚ್ಚಗಾಗುವುದು ನಮ್ಮ ಮೈಯಲ್ಲಿ ಬಿಸಿ ಇರುವುದರಿಂದ. ತಣ್ಣಗಿರುವ ಆಮೆಗೆ ಹೊದಿಸಿದರೆ ತಣ್ಣಗೇ ಇರುತ್ತದೆ. ಮಳೆಗಾಲದಲ್ಲಿ ಈ ಥಂಡಿಗೆ ತೇವವೂ ಸೇರುತ್ತದೆ. ಬೆಚ್ಚಗಿನ ತೇವ ಆಮೆಗೆ ಒಳ್ಳೆಯದೇ. ತಣ್ಣನೆಯ ತೇವ ಮಾತ್ರ ಶ್ವಾಸಕೋಶಕ್ಕೆ ಹಾಳು.

ಹಾಗಾಗಿ ಇವತ್ತು ಸಂಜೆಯೊಳಗೆ ಒಂದು ಪೆಟ್ಟಿಗೆ ಸಿದ್ಧ ಮಾಡಿ. ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು. ಮನೆಯ ಒಳಗೆ, ಗಾಳಿ ನುಗ್ಗದ ಮೂಲೆಯಲ್ಲಿಡಿ. ಕೆಳಗೆ ನ್ಯೂಸ್‌ಪೇಪರ್ ಹಾಸಿ. ತೆಂಗಿನ ನಾರಿನ ಪುಡಿ, ಮರಳು, ಹುಲ್ಲಿನ ದೂಳು ಈಗ ಬೇಡ, ಸೋರುವ ಮೂಗಿಗೆ ಅಂಟಿಕೊಳ್ಳುತ್ತದೆ. ಒಂದು ಬದಿಯಲ್ಲಿ ಮೇಲಿನಿಂದ ಸೆರಾಮಿಕ್ ಹೀಟರ್ ತೂಗುಹಾಕಿ. ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ, ಬಲ್ಬ್ ಹೋಲ್ಡರ್‌ಗೆ ಹಾಕುವಂಥದ್ದು, ಬೆಳಕು ಬರುವುದಿಲ್ಲ, ಬರೀ ಬಿಸಿ. ಪಿಂಗಾಣಿ ಹೋಲ್ಡರನ್ನೇ ಬಳಸಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ಕ್ಲಿಪ್ಪನ್ನು ನಂಬಬೇಡಿ, ಚೈನ್ ಹಾಕಿ ಭದ್ರ ಮಾಡಿ. ಜೊತೆಗೆ ಬಿಸಿಯನ್ನು ತಾನೇ ಹದದಲ್ಲಿಡುವ ಥರ್ಮೋಸ್ಟಾಟ್ ಹಾಕಿದರೆ ನೀವು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಟಬ್ಬಿನೊಳಗೆ ಹಗಲು 29ರಿಂದ 32 ಡಿಗ್ರಿ ಇರಲಿ. ಹೀಟರ್ ಕೆಳಗೆ 35 ಮುಟ್ಟಿದರೂ ಪರವಾಗಿಲ್ಲ, ಬೇಡವೆನಿಸಿದರೆ ಆಚೆ ಸರಿದುಕೊಳ್ಳಲು ಅವನಿಗೆ ಜಾಗವಿರಬೇಕು. ರಾತ್ರಿ 27ಕ್ಕಿಂತ ಕೆಳಗಿಳಿಯಬಾರದು. ಕಾಯಿಲೆ ಇರುವಾಗ ರಾತ್ರಿಯ ಬಿಸಿ ಹಗಲಿನ ಬಿಸಿಯಷ್ಟೇ ಮುಖ್ಯ, ಹೆಚ್ಚಿನವರು ತಪ್ಪುವುದು ಇಲ್ಲೇ. ಥರ್ಮಾಮೀಟರನ್ನು ಗೋಡೆಗೆ ಅಂಟಿಸಬೇಡಿ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು, ಅದರ ತುದಿಯನ್ನು ಆಮೆಯ ಬೆನ್ನಿನ ಎತ್ತರದಲ್ಲಿ ಇಡಿ. ಸಣ್ಣ ಸ್ಪಾಟ್ ಬಲ್ಬ್ ಒಂದನ್ನೇ ಹತ್ತಿರ ಇಟ್ಟರೆ ಬೆನ್ನ ಚಿಪ್ಪಿನ ನೆತ್ತಿ ಸುಟ್ಟುಹೋಗುತ್ತದೆ, ಹೊಟ್ಟೆಯ ಕಡೆ ತಣ್ಣಗೇ ಇರುತ್ತದೆ. ಹಾಗೆ ಸುಟ್ಟ ಚಿಪ್ಪನ್ನು ನಾನು ಕ್ಲಿನಿಕ್ಕಿನಲ್ಲಿ ಆಗಾಗ ನೋಡುತ್ತೇನೆ. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ, ನೇರವಾಗಿ ಮೈಗೆ ತಾಗಿಸಬೇಡಿ. ಪೆಟ್ಟಿಗೆ 40 ಡಿಗ್ರಿ ದಾಟಿದರೆ ಅಪಾಯ. ಕೆಲವು ಆಮೆಗಳು ಸೆಕೆ ತಾಳಲಾರದೆಯೂ ಬಾಯಿ ತೆರೆಯುತ್ತವೆ, ಆದ್ದರಿಂದ ಬಾಯಿ ತೆರೆದಾಗಲೆಲ್ಲ ಮೊದಲು ಥರ್ಮಾಮೀಟರ್ ನೋಡಿ.

ಈಗ ಗುಂಡನ ಪಕ್ಕ ಐದು ನಿಮಿಷ ಸುಮ್ಮನೆ ಕೂತು ಅವನ ಮುಂಗಾಲುಗಳನ್ನು ನೋಡಿ. ಆರೋಗ್ಯವಾಗಿರುವ ಆಮೆ ಉಸಿರಾಡುವಾಗ ಮುಂಗಾಲಿನ ಬುಡದ ಚರ್ಮ ಸ್ವಲ್ಪವೇ ಒಳಗೆ ಹೊರಗೆ ಆಡುತ್ತದೆ, ಗಮನಿಸದಿದ್ದರೆ ಕಾಣುವುದೇ ಇಲ್ಲ. ಮಧ್ಯೆ ಮಧ್ಯೆ ತುಂಬಾ ಹೊತ್ತು ಉಸಿರು ನಿಂತಂತೆಯೂ ಇರುತ್ತದೆ, ಅದು ಸಹಜ. ಕಷ್ಟದಲ್ಲಿರುವ ಆಮೆ ಪ್ರತಿ ಉಸಿರಿಗೂ ಮುಂಗಾಲುಗಳನ್ನೇ ಚಾಚಿ ಎಳೆಯುತ್ತದೆ, ಜೊತೆಗೆ ತಲೆ ಮೇಲಕ್ಕೇಳುತ್ತದೆ. ಕಿವಿ ಹತ್ತಿರ ತಂದರೆ ಸಿಳ್ಳೆಯಂಥ ಅಥವಾ ಟಿಕ್ ಟಿಕ್ ಸದ್ದು ಕೇಳಬಹುದು. ನೀವು ಎತ್ತಿಕೊಂಡಾಗ ತಲೆ ಒಳಗೆಳೆದು ‘ಹುಸ್’ ಅಂದರೆ ಹೆದರಬೇಡಿ. ತಲೆ ಒಳಗೆ ಹೋಗುವಾಗ ಗಾಳಿ ಹೊರಬರುವ ಸದ್ದು ಅದು, ಎಲ್ಲ ಆಮೆಗಳೂ ಮಾಡುತ್ತವೆ. ಇದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಕ್ಲಿನಿಕ್ಕಿಗೆ ಬಂದ ಆಮೆ ಹೆದರಿ ಚಿಪ್ಪಿನೊಳಗೆ ಸೇರಿಬಿಡುತ್ತದೆ, ಉಸಿರಾಟ ತೋರಿಸುವುದೇ ಇಲ್ಲ. ನಿಮ್ಮ ವಿಡಿಯೋದಿಂದ ವೈದ್ಯರಿಗೆ ಅರ್ಧ ವಿಷಯ ಗೊತ್ತಾಗುತ್ತದೆ.

ಮೂಗಿನಿಂದ ಬರುವುದು ತಿಳಿನೀರೇ, ಬಿಳಿಯೇ, ಹಳದಿ ಹಸಿರೇ ಅಂತ ನೋಡಿ. ಎರಡೂ ಹೊಳ್ಳೆಯಿಂದಲೇ ಅಥವಾ ಒಂದರಿಂದಲೇ? ಕಣ್ಣು ಊದಿದೆಯೇ? ಬಾಯಿ ತೆರೆದಾಗ ನಾಲಿಗೆಯ ಮೇಲೆ ಬಿಳಿ ಅಥವಾ ಹಳದಿ ಪದರ ಕಾಣುತ್ತದೆಯೇ? ಬಾಯನ್ನು ನೀವೇ ಬಿಡಿಸಿ ನೋಡಲು ಹೋಗಬೇಡಿ. ಅವನಾಗಿ ತೆರೆದಾಗ ಕಂಡಷ್ಟು ಸಾಕು.

ಇನ್ನು ಸಿರಪ್ ಯಾಕೆ ಬೇಡ? ಆಮೆಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಒಗ್ಗದ ಕೈಯಿಂದ ಹನಿ ಹಾಕಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಈಗಾಗಲೇ ಉಸಿರು ಕಟ್ಟುತ್ತಿರುವ ಪ್ರಾಣಿಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನಿಲ್ಲ. ಮೇಲಾಗಿ ಆ ಸಿರಪ್ಪುಗಳು ನಮ್ಮ ಲಕ್ಷಣ ತಗ್ಗಿಸಲು ಮಾಡಿದವು, ಸೋಂಕಿಗೆ ಅಲ್ಲ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಆದರೆ ಬಿಸಿ ಹಬೆಗೆ ಕಣ್ಣು, ಮೂಗು, ಚರ್ಮ ಸುಡುತ್ತದೆ. ನೀಲಗಿರಿ ಎಣ್ಣೆ, ವಿಕ್ಸ್, ಕರ್ಪೂರ ಯಾವುದೂ ಹತ್ತಿರ ಬರಬಾರದು. ಹಬೆ ಕೊಡಬೇಕು ಅನ್ನುವ ಅವರ ಯೋಚನೆಗೆ ಸರಿಯಾದ ರೂಪ ನೆಬ್ಯುಲೈಸರ್, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಐವರ್ಮೆಕ್ಟಿನ್ ಅನ್ನುವ ಹುಳುವಿನ ಔಷಧ ನಾಯಿ, ದನಗಳಿಗೆ ಎಲ್ಲರೂ ಬಳಸುತ್ತಾರೆ. ಆಮೆಗೆ ಅದು ವಿಷ. ಕೈಕಾಲು ಸೋತು ಸಾಯುತ್ತವೆ. ನಾಯಿ, ಬೆಕ್ಕುಗಳನ್ನು ಮಾತ್ರ ನೋಡುವ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ‘ಐವರ್ಮೆಕ್ಟಿನ್ ಕೊಡುತ್ತಿಲ್ಲ ತಾನೇ?’ ಅಂತ ನೀವೇ ಮೊದಲು ಕೇಳಿ. ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ವೈದ್ಯರು ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ನಿಮಗೂ ಧೈರ್ಯ. ಮೊದಲು ತೂಕ, ಬಾಯಿ, ಕಣ್ಣು. ಆಮೇಲೆ ಎಕ್ಸ್‌ರೇ. ಮೇಲಿನಿಂದ ತೆಗೆದ ಒಂದೇ ಎಕ್ಸ್‌ರೇ ಸಾಲದು, ಯಾಕೆಂದರೆ ಕೆಳಗಿರುವ ಹೊಟ್ಟೆ, ಕರುಳುಗಳೆಲ್ಲ ಶ್ವಾಸಕೋಶದ ಜೊತೆ ಕಲಸಿಕೊಂಡು ಕಾಣುತ್ತವೆ. ಆಮೆಯನ್ನು ಸಣ್ಣ ಪೀಠದ ಮೇಲೆ ಕೂರಿಸಿ, ಮುಖದ ಕಡೆಯಿಂದ ಒಂದು, ಪಕ್ಕದಿಂದ ಒಂದು ತೆಗೆಯಬೇಕು. ಮುಖದ ಕಡೆಯ ಚಿತ್ರದಲ್ಲಿ ಎಡ ಬಲ ಎರಡೂ ಶ್ವಾಸಕೋಶ ಅಕ್ಕಪಕ್ಕ ಕಾಣುತ್ತವೆ, ಒಂದರಲ್ಲಿ ಕಫ ತುಂಬಿದ್ದರೆ ತಕ್ಷಣ ತಿಳಿಯುತ್ತದೆ. ಈ ಮೂರು ಕೋನದ ಎಕ್ಸ್‌ರೇ ತೆಗೆಸಿ ಅಂತ ನೀವು ಕೇಳಬಹುದು. ಹತ್ತಿರದಲ್ಲಿ ಇಂಥ ವೈದ್ಯರು ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಸಾಧ್ಯವಾದರೆ ಮೂಗಿನ ದ್ರವವನ್ನು ಲ್ಯಾಬಿಗೆ ಕಳಿಸಬೇಕು. ಮೂಗು ಸೋರುವುದಕ್ಕೆ ಕಾರಣ ಒಂದೇ ಅಲ್ಲ. ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಾಣು ನೆಲದ ಆಮೆಗಳಲ್ಲಿ ತುಂಬಾ ಸಾಮಾನ್ಯ. ಅಮೆರಿಕದ ಮೊಹಾವಿ ಮರುಭೂಮಿಯ ಕಾಡು ಆಮೆಗಳನ್ನು ಕಂಗೆಡಿಸಿದ್ದೂ ಇದೇ. 1990ರಲ್ಲಿ ಅಲ್ಲಿನ ಸರ್ಕಾರ ಆ ಆಮೆಗಳನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದಾಗ ಈ ಉಸಿರಾಟದ ಕಾಯಿಲೆಯೂ ಕಾರಣಗಳಲ್ಲಿ ಒಂದಾಗಿತ್ತು. ಮೈಕೋಪ್ಲಾಸ್ಮಾಗೆ ಕೋಶದ ಗೋಡೆಯೇ ಇಲ್ಲ. ಅಮಾಕ್ಸಿಸಿಲಿನ್‌ನಂಥ ಔಷಧಗಳು ಕೆಲಸ ಮಾಡುವುದು ಆ ಗೋಡೆಯನ್ನು ಕೆಡವಿ. ಗೋಡೆಯೇ ಇಲ್ಲದ ಮೇಲೆ ಕೆಡವುವುದು ಏನನ್ನು? ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಪುಡಿಮಾಡಿ ಕೊಡಬೇಡಿ ಅನ್ನುವುದು ಇದಕ್ಕೇ. ಇದಲ್ಲದೆ ಸೂಡೋಮೋನಾಸ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು, ಶಿಲೀಂಧ್ರ ಇರಬಹುದು. ನಾಲಿಗೆಯ ಮೇಲೆ ಪದರ ಕಟ್ಟಿದ್ದರೆ ಹರ್ಪಿಸ್ ವೈರಸ್ಸಿನ ಸಂಶಯವೂ ಬರುತ್ತದೆ. ಒಂದೊಂದಕ್ಕೂ ಔಷಧ ಬೇರೆ.

ಡೋಸ್ ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ತೂಕ, ನೀರಿನಂಶ, ಮೂತ್ರಪಿಂಡದ ಸ್ಥಿತಿ ನೋಡಿ ಹೇಳಬೇಕಾದ್ದು. ಆದರೆ ಕೆಲವು ವಿಷಯ ನಿಮಗೆ ಗೊತ್ತಿರಲಿ. ಆಮೆಯ ಮೈ ನಿಧಾನ. ಕೆಲವು ಇಂಜೆಕ್ಷನ್ನುಗಳನ್ನು ಮೂರು ದಿನಕ್ಕೊಮ್ಮೆ ಮಾತ್ರ ಕೊಡುತ್ತೇವೆ. ‘ದಿನಾ ಕೊಡಲ್ವಾ?’ ಅಂತ ಗಾಬರಿಯಾಗಬೇಡಿ. ಇಂಜೆಕ್ಷನ್ ಸಾಮಾನ್ಯವಾಗಿ ಮುಂಗಾಲಿಗೇ ಹಾಕುತ್ತಾರೆ, ಯಾಕೆಂದರೆ ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡದ ಕಡೆ ಹರಿಯಬಹುದು. ಎನ್ರೋಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ತುಂಬಾ ಉರಿಯುತ್ತದೆ, ಹಾಕಿದ ಕಡೆ ಗಾಯವೂ ಆಗಬಹುದು. ಮೈಯಲ್ಲಿ ನೀರಿನಂಶ ಕಡಿಮೆಯಾದ ಆಮೆಗೆ ಜೆಂಟಾಮೈಸಿನ್‌ನಂಥ ಔಷಧ ಹಾಕಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ವಿಟಮಿನ್ ಎ ಇಂಜೆಕ್ಷನ್ನನ್ನು ಕೆಲವರು ಎಲ್ಲ ಕಾಯಿಲೆಗೂ ಹಾಕಿಸುತ್ತಾರೆ. ಡೋಸ್ ಜಾಸ್ತಿಯಾದರೆ ಚರ್ಮ ಸುಲಿದುಹೋಗುತ್ತದೆ. ಕೊರತೆ ಇದೆ ಅಂತ ಖಾತ್ರಿಯಾಗದೆ ಬೇಡ.

ಚಿಕಿತ್ಸೆ ಮೂರರಿಂದ ಆರು ವಾರ ಹಿಡಿಯಬಹುದು, ಕೆಲವೊಮ್ಮೆ ಇನ್ನೂ ಜಾಸ್ತಿ. ಮೂಗು ಒಣಗಿತು ಅಂತ ಹತ್ತನೇ ದಿನಕ್ಕೆ ನಿಲ್ಲಿಸಬೇಡಿ.

ಮನೆಯಲ್ಲಿ ನಿಮ್ಮ ದೊಡ್ಡ ಕೆಲಸ ನೀರು. ಔಷಧಕ್ಕಿಂತ ಮೊದಲು ಒಣಗಿದ ಮೈಗೆ ನೀರು ಸೇರಬೇಕು. ದಿನಾ ಒಂದು ಬೇಸಿನ್‌ನಲ್ಲಿ 30ರಿಂದ 32 ಡಿಗ್ರಿಯ ಉಗುರುಬೆಚ್ಚಗಿನ ನೀರು ಹಾಕಿ. ನೀರು ಗಲ್ಲದ ಮಟ್ಟಕ್ಕಿಂತ ಕೆಳಗಿರಲಿ, ತಲೆ ಎತ್ತುವ ಶಕ್ತಿ ಇಲ್ಲದಿದ್ದರೆ ಇನ್ನೂ ಕಡಿಮೆ. ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ನೀವು ಅಲ್ಲೇ ಇರಿ, ಬಿಟ್ಟು ಹೋಗಬೇಡಿ. ಮೂಗು ಕಟ್ಟಿದ ಆಮೆಗೆ ಎರಡಿಂಚು ನೀರೂ ಜಾಸ್ತಿಯೇ. ಅವನು ಕತ್ತು ತಗ್ಗಿಸಿ ನೀರು ಕುಡಿಯುವಾಗ ಗಂಟಲು ಏರಿಳಿಯುವುದು ಕಾಣುತ್ತದೆ. ಆಮೇಲೆ ನೀರಿಗೆ ಮೂತ್ರ ಬಿಡುತ್ತಾನೆ, ಜೊತೆಗೆ ಬಿಳಿಯ ವಸ್ತು ಬರುತ್ತದೆ. ಅದು ಮೊಸರಿನ ಹಾಗೆ ಮೆತ್ತಗಿದ್ದರೆ ನೀರಿನಂಶ ಸಾಕಷ್ಟಿದೆ. ಬೆರಳಲ್ಲಿ ಉಜ್ಜಿದಾಗ ಮರಳು ಮರಳಾಗಿದ್ದರೆ ಮೈ ಒಣಗಿದೆ, ವೈದ್ಯರಿಗೆ ಹೇಳಿ, ಚರ್ಮದ ಕೆಳಗೆ ದ್ರವ ಕೊಡಬೇಕಾಗಬಹುದು. ನೀರಿನಿಂದ ತೆಗೆದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಪೂರ್ತಿ ಒರೆಸಿ ಬಿಸಿ ಪೆಟ್ಟಿಗೆಗೆ ಸೇರಿಸಿ. ಒದ್ದೆ ಮೈಯಲ್ಲಿ ಗಾಳಿಗೆ ಬಿಟ್ಟರೆ ಮಾಡಿದ್ದೆಲ್ಲ ದಂಡ. ಮೂಗಿನ ಹೊಳ್ಳೆಗೆ ಅಂಟಿದ ಗೊಣ್ಣೆಯನ್ನು ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿಕಡ್ಡಿಯನ್ನು ಹೊಳ್ಳೆಯೊಳಗೆ ತೂರಿಸಬೇಡಿ.

ನೆಬ್ಯುಲೈಸರ್ ಮಕ್ಕಳಿಗೆ ಬಳಸುವಂಥದ್ದೇ ಆಗುತ್ತದೆ. ಮುಚ್ಚಳವಿರುವ, ಅಲ್ಲಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬದಲ್ಲಿ ಗುಂಡನನ್ನು ಕೂರಿಸಿ, ಪೈಪನ್ನು ಒಳಗೆ ಬಿಟ್ಟು, ಬರೀ 0.9 ಶೇಕಡಾ ಸಲೈನ್ ಮಂಜು ಹದಿನೈದು ನಿಮಿಷ ಕೊಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇದು ಬಿಸಿ ಹಬೆಯಲ್ಲ, ತಣ್ಣನೆಯ ಮಂಜು. ಆದ್ದರಿಂದ ಡಬ್ಬವನ್ನು ಬೆಚ್ಚಗಿನ ಕೋಣೆಯಲ್ಲಿಡಿ. ಗಟ್ಟಿಯಾದ ಕಫ ಸಡಿಲವಾಗಲು ಇದರಿಂದ ಸಹಾಯವಾಗುತ್ತದೆ. ಸಲೈನ್‌ಗೆ ಔಷಧ ಸೇರಿಸುವುದಾದರೆ ಅದು ವೈದ್ಯರ ತೀರ್ಮಾನ. ಆಸ್ತಮಾ ಮಕ್ಕಳಿಗೆ ಕೊಡುವ ಔಷಧವನ್ನು ನೀವಾಗಿ ಹಾಕಬೇಡಿ.

ಊಟ ಬಿಟ್ಟಿದ್ದಾನೆ ಅಂತ ಬಾಯಿ ಬಿಡಿಸಿ ತುರುಕಬೇಡಿ. ತಣ್ಣಗಿರುವ ಹೊಟ್ಟೆಗೆ ಹಾಕಿದ ಸೊಪ್ಪು ಅಲ್ಲೇ ಕೊಳೆಯುತ್ತದೆ. ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಊಟ. ಆಮೆ ವಾಸನೆ ಹಿಡಿದೇ ತಿನ್ನುವುದು, ಮೂಗು ಕಟ್ಟಿದಾಗ ಎದುರಿಗಿಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ಮೂಗು ಒರೆಸಿ, ನೀರಿನಿಂದ ತೆಗೆದ ಮೇಲೆ ಅವನು ಚುರುಕಾಗಿರುವ ಹೊತ್ತಿನಲ್ಲಿ ಇಡಿ. ಎಳೆ ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು ಒಳ್ಳೆಯದು. ಕೆಂಪು ದಾಸವಾಳವನ್ನು ಬೇಡ ಅನ್ನುವ ಸುಲ್ಕಾಟಾ ಕಡಿಮೆ. ಪಾಪಾಸುಕಳ್ಳಿಯ ಎಲೆಯನ್ನು ಮುಳ್ಳು ತೆಗೆದು ಕೊಡಬಹುದು. ತಿನ್ನಲಿ ಅನ್ನುವ ಆಸೆಗೆ ಬಾಳೆಹಣ್ಣು, ಅನ್ನ, ಬ್ರೆಡ್ ಕೊಡಬೇಡಿ, ಹೊಟ್ಟೆಯೂ ಕೆಡುತ್ತದೆ. ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. 900 ಗ್ರಾಂ ಇದ್ದವನು 810ಕ್ಕೆ ಇಳಿದರೆ ಹತ್ತನೇ ಒಂದು ಭಾಗ ಕಳೆದುಕೊಂಡ ಹಾಗೆ. ಆಗ ಕೊಳವೆಯ ಮೂಲಕ ಆಹಾರ ಕೊಡುವುದೇ ಅಂತ ವೈದ್ಯರು ಯೋಚಿಸುತ್ತಾರೆ.

ಚಿಕ್ಕ ಆಮೆಯನ್ನು ಇವತ್ತೇ ಬೇರೆ ಕೋಣೆಗೆ ಹಾಕಿ. ಚೆನ್ನಾಗಿ ಕಂಡರೂ ಸೋಂಕು ತಗುಲಿರಬಹುದು, ಅದನ್ನೂ ವೈದ್ಯರಿಗೆ ತೋರಿಸಿ. ಬೇಸಿನ್, ತಟ್ಟೆ, ಬಟ್ಟೆ ಎಲ್ಲ ಬೇರೆ ಬೇರೆ. ಯಾವಾಗಲೂ ಚಿಕ್ಕದರ ಕೆಲಸ ಮೊದಲು, ಗುಂಡನದು ಆಮೇಲೆ, ಮತ್ತೆ ಸೋಪು ಹಚ್ಚಿ ಕೈ ತೊಳೆಯಿರಿ. ಆಮೆಗಳ ಮೈಯಲ್ಲಿರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನಮಗೂ ಬರುವಂಥದ್ದು, ಮನೆಯಲ್ಲಿ ಮಕ್ಕಳಿದ್ದರೆ ಇದರಲ್ಲಿ ಸಡಿಲ ಬೇಡ. ಗುಂಡ ಗುಣವಾದ ಮೇಲೂ ಕನಿಷ್ಠ ಮೂರು ತಿಂಗಳು ಒಟ್ಟಿಗೆ ಬಿಡಬೇಡಿ. ಮೈಕೋಪ್ಲಾಸ್ಮಾ ಅಂತ ಖಾತ್ರಿಯಾದರೆ ಅದು ಜೀವನಪೂರ್ತಿ ಒಳಗೇ ಉಳಿದು, ಮೈ ಸೋತಾಗ ಮತ್ತೆ ಕಾಣಿಸಿಕೊಳ್ಳಬಹುದು. ಆಗ ಅವೆರಡೂ ಬೇರೆಯೇ ಇರುವುದು ವಾಸಿ. ಸಾಕಲು ಕಷ್ಟವಾಯಿತು ಅಂತ ಕೆರೆ ದಂಡೆಗೋ ಕುರುಚಲು ಕಾಡಿಗೋ ಬಿಡುವ ಯೋಚನೆ ಯಾವತ್ತೂ ಬೇಡ. ನಮ್ಮ ನಾಡಿನ ನಕ್ಷತ್ರ ಆಮೆಗಳು ಈಗಾಗಲೇ ಕಳ್ಳಸಾಗಣೆಯಿಂದ ನಲುಗಿವೆ, ಹೊರಗಿನ ಸೋಂಕನ್ನೂ ಅವುಗಳ ಮೇಲೆ ಹೇರುವುದು ಅನ್ಯಾಯ.

ಕಾನೂನಿಗೆ ಹೆದರಿ ವೈದ್ಯರ ಬಳಿ ತಡವಾಗಿ ಬರುವವರಿದ್ದಾರೆ, ಆದ್ದರಿಂದ ಒಂದು ಮಾತು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ. ಅದೃಷ್ಟ ತರುತ್ತದೆ ಅಂತ ಯಾರಾದರೂ ತಂದುಕೊಟ್ಟಿದ್ದರೂ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಸುಲ್ಕಾಟಾ ವಿದೇಶಿ ಜಾತಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಿಮ್ಮದು ಆಗಿಲ್ಲದಿದ್ದರೆ ಮಾಡಿಸಿ. ಆದರೆ ಅದಕ್ಕಾಗಿ ನಾಳೆಯ ಚಿಕಿತ್ಸೆ ಮುಂದೂಡಬೇಡಿ.

ಬಾಲ್ಕನಿಯ ವಿಷಯ ಗುಂಡ ಚೇತರಿಸಿಕೊಂಡ ಮೇಲೆ ಕೂತು ಯೋಚಿಸಿ. ಬಿಸಿಲಿರುವ ಹಗಲು ಅವನಿಗೆ ಬಾಲ್ಕನಿ ಬೇಕು, ಯಾಕೆಂದರೆ ಬಿಸಿಲಿನ ಯುವಿಬಿ ಕಿರಣದಿಂದಲೇ ಚಿಪ್ಪು ಗಟ್ಟಿಯಾಗುವುದು. ಗಾಜಿನ ಕಿಟಕಿಯ ಹಿಂದೆ ಕೂತರೆ ಆ ಕಿರಣ ಸಿಗುವುದಿಲ್ಲ. ಮೋಡ ಕವಿದ ತಿಂಗಳುಗಳಿಗೆ ಯುವಿಬಿ ಟ್ಯೂಬ್ ಹಾಕಿಸಿ, ಬೆಳಕು ಬರುತ್ತಿದ್ದರೂ ಕಿರಣ ಕುಗ್ಗುವುದರಿಂದ ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ. ರಾತ್ರಿ ಮಾತ್ರ ವರ್ಷಪೂರ್ತಿ ಬೆಚ್ಚಗಿನ ಪೆಟ್ಟಿಗೆ. ಮುಂದೆ ಈ ಪೆಟ್ಟಿಗೆಯೂ ಸಾಲದು. ಸುಲ್ಕಾಟಾ ಬೆಳೆದರೆ 40, 50 ಕಿಲೋ ತೂಗುತ್ತದೆ. ಅಷ್ಟು ದೊಡ್ಡ ಜೀವಕ್ಕೆ ನೆಲ, ಮಣ್ಣು, ಹುಲ್ಲು ಇರುವ ಜಾಗವನ್ನು ಈಗಿನಿಂದಲೇ ಹುಡುಕಿ. ಬ್ರಿಟನ್ನಿನಿಂದ ಕೆಲವು ಓದುಗರು ಹರ್ಮನ್, ಹಾರ್ಸ್‌ಫೀಲ್ಡ್ ಆಮೆಗಳ ಬಗ್ಗೆ ಕೇಳುತ್ತಿರುತ್ತಾರೆ, ಅವರಿಗೂ ಒಂದು ಸಾಲು: ಮೂಗು ಸೋರುವ ಆಮೆಯನ್ನು ಆ ವರ್ಷ ಚಳಿಗಾಲದ ನಿದ್ದೆಗೆ ಬಿಡಬೇಡಿ. ಸುಲ್ಕಾಟಾಗಂತೂ ಆ ನಿದ್ದೆ ಇಲ್ಲವೇ ಇಲ್ಲ.

ನಾಳೆ ಹೊರಡುವಾಗ ಗುಂಡನನ್ನು ಟವೆಲ್ ಹಾಸಿದ ರಟ್ಟಿನ ಡಬ್ಬದಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಜೊತೆ ಕೊಂಡೊಯ್ಯಿರಿ. ಆಟೋದಲ್ಲಾದರೆ ಪಕ್ಕದ ಪರದೆ ಇಳಿಸಿ, ಕಾರಿನಲ್ಲಾದರೆ ಎಸಿ ಬೇಡ. ವಿಡಿಯೋ, ತೂಕದ ಚೀಟಿ, ಬಾಲ್ಕನಿಯ ಒಂದು ಫೋಟೋ ಜೊತೆಗಿರಲಿ. ಎಕ್ಸ್‌ರೇ ಆದ ಮೇಲೆ ಅದರ ಚಿತ್ರ ಮತ್ತು ಔಷಧದ ಚೀಟಿ ನನಗೆ ಕಳಿಸಿ, ಚಿಕ್ಕ ಆಮೆಯ ತೂಕವನ್ನೂ ಬರೆಯಿರಿ.